ಹಗ್ಗ ತುಳಿಯದ ಕಳ್ಳ

ಸೆಪ್ಟೆಂಬರ್ ಹದಿನೆಂಟು, ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ನರಸಿಂಹರಾಜಪುರ ಠಾಣೆಗೆ ದೂರು ತಂದವಳು ಮೇಘನ. ಪ್ರೌಢಶಾಲೆಯ ದೈಹಿಕ ಶಿಕ್ಷಕಿ, ಊರಿನ ಬಂಡೆ ಹತ್ತುವವರ ಬಳಗದ ಮುಂದಾಳು. ಸಬ್‌ಇನ್‌ಸ್ಪೆಕ್ಟರ್ ಅರ್ಪಣಾ ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ.

"ನಮ್ಮ ಐದೂ ಜನರ ಪಾಸ್‌ಪೋರ್ಟ್ ಹೋಗಿದೆ ಮೇಡಂ. ಬಳಗದ ಕೋಣೆ ಬೀರು ಒಡೆದಿದಾರೆ."

"ಎಲ್ಲಿಗೆ ಹೊರಟಿದ್ರಿ?"

"ಗ್ರೀಸ್‌ಗೆ. ಮೆಡಿಟರೇನಿಯನ್ ಸಮುದ್ರದಲ್ಲಿ ಕಲಿಮ್ನೋಸ್ ಅಂತ ಒಂದು ದ್ವೀಪ. ಬಂಡೆ ಹತ್ತಕ್ಕೆ."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಭೈರಪ್ಪ ಪೆನ್ನು ನಿಲ್ಲಿಸಿದ. "ಬಂಡೆ ನಮ್ಮಲ್ಲಿಲ್ವ ಮಾರಾಯ್ತಿ?"

"ಇದೆ ಸರ್. ಆದ್ರೆ ಅಲ್ಲಿ ಒಂದೇ ಗೋಡೆಯಲ್ಲಿ ಸುಲಭದ ದಾರಿ, ಕಷ್ಟದ ದಾರಿ ಅಕ್ಕಪಕ್ಕ ಇದಾವೆ. ನಮ್ಮಲ್ಲಿ ಪಳಗಿದವರೂ ಇದಾರೆ, ಈಗ ಶುರು ಮಾಡಿದವರೂ ಇದಾರೆ. ಯಾರೂ ಕೆಳಗೆ ಕೂತು ಬ್ಯಾಗ್ ಕಾಯೋದು ಬೇಡ ಅಂತ ಶ್ರೀಕಾಂತಣ್ಣ ಹುಡುಕಿ ಹುಡುಕಿ ಆರಿಸಿದ್ದು."

ಬಳಗ ಎಂದರೆ ಐದು ಜನ. ಮೇಘನ ಮತ್ತು ಜನರೇಟರ್ ರಿಪೇರಿಯ ವಿಜಯ್ ಗಟ್ಟಿಗರು. ಮೆಡಿಕಲ್ ಶಾಪಿನ ಶಶಿಕಿರಣ್‌ಗೆ ಒಂದು ಮೊಣಕಾಲ ಕೆಳಗೆ ಕೃತಕ ಕಾಲು. ಅವನ ಹತ್ತುವ ರೀತಿಯೇ ಬೇರೆ. ವಿಮಾ ಏಜೆಂಟ್ ಸರ್ವಮಂಗಳಾ ಐವತ್ತೆಂಟರಲ್ಲಿ ಮೊದಲ ಸಲ ಹಗ್ಗ ಕಟ್ಟಿಕೊಂಡವರು. ಮಂಡಿ ಸವೆಯುತ್ತಿದೆ, ಹತ್ತುವುದಿದ್ದರೆ ಈ ವರ್ಷ ಹತ್ತಿಬಿಡಿ ಎಂದು ವೈದ್ಯರು ಹೇಳಿದ್ದಾರೆ. ಐದನೆಯವನು ಶ್ರೀಕಾಂತ. ಕಮ್ಮರಡಿಯಲ್ಲಿ ಜೆರಾಕ್ಸ್ ಅಂಗಡಿ, ಊರವರ ಆನ್‌ಲೈನ್ ಅರ್ಜಿಗಳೆಲ್ಲ ಅವನ ಕೈಯಲ್ಲೇ ಆಗುವುದು. ಬಳಗದ ವೀಸಾ ಅರ್ಜಿಗಳನ್ನೂ ಅವನೇ ಹಾಕಿದ್ದ. ಹಡಗು ಎಷ್ಟು ಹೊತ್ತಿಗೆ, ಯಾವ ಗೋಡೆಗೆ ಯಾವಾಗ ಬಿಸಿಲು, ಯಾರಿಗೆ ಯಾವ ದಾರಿ ಎಂದು ಎರಡು ವರ್ಷ ಕೂತು ಯೋಜನೆ ಮಾಡಿದವನೂ ಅವನೇ. ಅಕ್ಟೋಬರ್ ಎರಡಕ್ಕೆ ವಿಮಾನ. ಹೊಸ ಪಾಸ್‌ಪೋರ್ಟ್ ಮಾಡಿಸಿ ಮತ್ತೆ ವೀಸಾ ಪಡೆಯಲು ಅಷ್ಟರಲ್ಲಿ ಆಗುವ ಮಾತಲ್ಲ.

ಎಫ್‌ಐಆರ್ ದಾಖಲಾಯಿತು. ಹತ್ತು ಗಂಟೆಗೆ ಅರ್ಪಣಾ, ಭೈರಪ್ಪ ಸ್ಥಳಕ್ಕೆ ಹೋದರು. ಮುಚ್ಚಿಹೋದ ಅಕ್ಕಿ ಗಿರಣಿಯ ಗೋದಾಮು ಅದು. ಒಂದು ಗೋಡೆಗೆ ಹಲಗೆ ಹೊಡೆದು, ಹಿಡಿದು ಹತ್ತಲು ಮರದ ಗುಬಟುಗಳನ್ನು ಕೂರಿಸಿದ್ದರು. ಬಾಗಿಲ ಬೀಗ ಮುರಿದಿತ್ತು, ಬೀರುವಿನ ಚಿಲಕ ಕಿತ್ತಿತ್ತು. ಸೀತೂರಿನ ಬಂಡೆಯಲ್ಲಿ ನೆನೆದು ಬಂದ ಹಗ್ಗವನ್ನು ಒಣಗಲೆಂದು ನೆಲದ ತುಂಬ ಸುರುಳಿ ಸುರುಳಿಯಾಗಿ ಹರಡಿದ್ದರು. ಅದರ ಸುತ್ತ ಗಂಬೂಟಿನ ಕೆಸರು ಹೆಜ್ಜೆಗಳು.

"ನಾವೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಡ್ತೀವಿ," ಎಂದಳು ಮೇಘನ. "ಇದು ಹೊರಗಿನವರ ಕೆಲಸ."

ಬೀರುವಿನ ಕಡೆಗೆ ನೆಟ್ಟಗೆ ಹೊರಟ ಭೈರಪ್ಪನ ತೋಳನ್ನು ಅವಳು ಥಟ್ಟನೆ ಹಿಡಿದಳು.

"ಹಗ್ಗ ತುಳೀಬೇಡಿ ಸರ್."

"ಹಾವಲ್ಲವಲ್ಲ ಇದು."

"ತುಳಿದ್ರೆ ಮಣ್ಣಿನ ಕಣ ಒಳಗೆ ಹೋಗಿ ಎಳೆ ಕೊಯ್ಯತ್ತೆ. ಮೇಲಿಂದ ನೋಡಿದ್ರೆ ಗೊತ್ತಾಗಲ್ಲ. ನಾಳೆ ಅದ್ರಲ್ಲಿ ನೇತಾಡೋದು ಒಬ್ಬರ ಜೀವ. ನಮ್ಮಲ್ಲಿ ಯಾರೂ ತುಳಿಯಲ್ಲ."

ಏಣಿಯ ಮೂರನೇ ಮೆಟ್ಟಿಲಿಗೇ ತಲೆ ಸುತ್ತುವ ಭೈರಪ್ಪ ಜೀವ ಎಂದ ಕೂಡಲೇ ಹಿಂದೆ ಸರಿದ. ಅರ್ಪಣಾ ಮಾತ್ರ ಕುಕ್ಕರುಗಾಲಲ್ಲಿ ಕೂತು ಆ ಹೆಜ್ಜೆಗಳನ್ನು ಬಹಳ ಹೊತ್ತು ನೋಡಿದಳು. ಬಾಗಿಲಿಂದ ಬೀರುವಿಗೆ ನೆಟ್ಟಗೆ ಹೋದರೆ ನಾಲ್ಕೇ ಹೆಜ್ಜೆ. ಕಳ್ಳ ಗೋಡೆಗೆ ಬೆನ್ನು ಹಚ್ಚಿಕೊಂಡು ಇಡೀ ಕೋಣೆ ಬಳಸಿ ಹೋಗಿದ್ದ, ಹಾಗೇ ಬಳಸಿ ಬಂದಿದ್ದ. ಹಗ್ಗದ ಮೇಲೆ ಕೆಸರಿನ ಒಂದು ಚುಕ್ಕೆಯೂ ಇರಲಿಲ್ಲ.

ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮುಗಿಯಿತು. ಹೆಜ್ಜೆಯ ಅಚ್ಚು ತೆಗೆದರು. ಜೀಪಿನಲ್ಲಿ ಕೂತ ಮೇಲೆ ಅರ್ಪಣಾ ಹೇಳಿದಳು: "ಹೊರಗಿನವನು ಹಗ್ಗಕ್ಕೆ ಅಷ್ಟು ಮರ್ಯಾದೆ ಕೊಡಲ್ಲ ಭೈರಪ್ಪ. ಚಪ್ಪಲಿ ಬಿಡೋ ನಿಯಮ ಬೇಕಂತಲೇ ಮುರಿದಿದಾನೆ. ಹಗ್ಗದ ನಿಯಮ ಮುರಿಯಕ್ಕೆ ಕಾಲೇ ಬಂದಿಲ್ಲ."

"ಹಂಗಾದ್ರೆ ಬೇಲಿಯೇ ಎದ್ದು ಹೊಲ ಮೇಯ್ತು ಅನ್ನಿ."

ಮಧ್ಯಾಹ್ನ ಮೂರಕ್ಕೆ ಐವರನ್ನೂ ಠಾಣೆಗೆ ಕರೆಸಿದಳು. ಯಾರನ್ನೂ ಗದರಲಿಲ್ಲ. ರಾಯಭಾರ ಕಚೇರಿಗೆ ತಿಳಿಸಬೇಕು, ವೀಸಾ ಪುಟದ ಫೋಟೊ ಇದ್ದರೆ ಕೊಡಿ ಎಂದಳು. ನಾಲ್ವರ ಫೋನು ತಕ್ಷಣ ಹೊರಬಂತು. ವೀಸಾ ಸಿಕ್ಕ ದಿನವೇ ತೆಗೆದು ನೆಂಟರಿಷ್ಟರಿಗೆಲ್ಲ ಕಳಿಸಿದ್ದ ಫೋಟೊಗಳು. ಸರ್ವಮಂಗಳಾ ತಮ್ಮದನ್ನು ಫೋನಿನ ಮುಖಪುಟಕ್ಕೇ ಹಾಕಿಕೊಂಡಿದ್ದರು.

"ನಿಮ್ಮದು?"

"ತೆಗೆದಿಲ್ಲ ಮೇಡಂ," ಎಂದ ಶ್ರೀಕಾಂತ.

"ಜೆರಾಕ್ಸ್?"

"ಮಾಡಿಲ್ಲ."

"ಎಲ್ಲದಕ್ಕೂ ಮೂರು ಪ್ರತಿ ಇಟ್ಕೊಳಿ ಅಂತ ನಮಗೆ ಬಯ್ಯೋನು ಇವನು," ಎಂದು ಶಶಿಕಿರಣ್ ನಕ್ಕ. ಶ್ರೀಕಾಂತ ನಗಲಿಲ್ಲ. ಅಂಗಿಯ ಗುಂಡಿಯನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿಕೊಂಡ.

ಉಳಿದವರನ್ನು ಕಳಿಸಿ ಅರ್ಪಣಾ ಮೇಘನಳನ್ನು ನಿಲ್ಲಿಸಿಕೊಂಡಳು. "ಶ್ರೀಕಾಂತ ಅವರ ವೀಸಾ ನೀವು ಕಣ್ಣಾರೆ ನೋಡಿದೀರಾ?"

ಮೇಘನ ಆ ದಿನವನ್ನು ನೆನಪಿಸಿಕೊಂಡಳು. ಕೊರಿಯರ್ ಬಂದದ್ದು ಶ್ರೀಕಾಂತನ ಅಂಗಡಿಗೆ. ಅವನು ನಾಲ್ಕು ಲಕೋಟೆ ತಂದು ಹಂಚಿದ್ದ, ತನ್ನದೂ ಬಂದಿದೆ ಎಂದಿದ್ದ. ಎಲ್ಲರೂ ಕುಣಿದಾಡಿದ್ದರು. ಆಮೇಲೆ ಎಲ್ಲವನ್ನೂ ಅವನೇ ಕಟ್ಟಿ ಬೀರುವಿನಲ್ಲಿಟ್ಟಿದ್ದ. "ಬಂಡೆ ಹತ್ತೋಕೆ ಮುಂಚೆ ಒಬ್ಬರ ಹಗ್ಗದ ಗಂಟು ಇನ್ನೊಬ್ಬರು ಮುಟ್ಟಿ ನೋಡದೆ ಬಿಡಲ್ಲ ನಾವು. ಇದೊಂದು ಕೇಳ್ಲೇ ಇಲ್ಲ. ನಾಳೆ ಟ್ರಾವೆಲ್ಸ್‌ನವರಿಗೆ ಕೊಡಬೇಕು, ಎಲ್ಲಾ ತೆಗೆದಿಡಿ ಅಂತ ನಿನ್ನೆ ಹೇಳಿದ್ದೆ."

"ನಿನ್ನೆ ರಾತ್ರಿಯೇ ಬೀಗ ಮುರಿದಿದೆ," ಎಂದಳು ಅರ್ಪಣಾ.

ವೀಸಾ ಕಚೇರಿಗೆ ಬರೆದ ಪತ್ರಕ್ಕೆ ಮರುದಿನ ಸಂಜೆ ಉತ್ತರ ಬಂತು. ಐದು ಅರ್ಜಿಗಳಲ್ಲಿ ಒಂದು ತಿರಸ್ಕೃತ.

ಶನಿವಾರ ಬೆಳಿಗ್ಗೆ ಆ ಭಾಗದ ಠಾಣೆಗೆ ಮಾಹಿತಿ ಕೊಟ್ಟು, ಕೊಪ್ಪದ ಮೇಲೆ ಕಮ್ಮರಡಿ ತಲುಪುವಾಗ ಒಂಬತ್ತೂವರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಶ್ರೀಕಾಂತನ ಒಬ್ಬಂಟಿ ವಾಸ. ಮಂಚದ ಎದುರಿನ ಗೋಡೆಯ ತುಂಬ ಒಂದೇ ದ್ವೀಪದ ಬಂಡೆಗಳ ಚಿತ್ರಗಳು. ಬಾಗಿಲ ಹಿಂದೆ ಗಂಬೂಟು ಸಿಕ್ಕಿತು, ಅಡಿ ಅಚ್ಚಿಗೆ ಹೊಂದಿತು. ಪಾಸ್‌ಪೋರ್ಟ್‌ಗಳು ಸಿಕ್ಕಿದ್ದು ಹಪ್ಪಳದ ಡಬ್ಬಿಯಲ್ಲಿ. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯಬಾರದೆಂದು ಹುರಿದ ಅಕ್ಕಿಯ ಗಂಟನ್ನೂ ಜೊತೆಗಿಟ್ಟು ಮುಚ್ಚಳ ಬಿಗಿದಿದ್ದ. ನಾಲ್ಕರಲ್ಲಿ ವೀಸಾ ಇತ್ತು. ಐದನೆಯದರ ಪುಟಗಳು ಖಾಲಿ.

ಮಹಜರ್ ಬರೆದು, ದಸ್ತಗಿರಿಯ ಕಾರಣ ತಿಳಿಸಿ, ಹತ್ತೂವರೆಗೆ ಅವನನ್ನು ವಶಕ್ಕೆ ಪಡೆದರು. ಅಣ್ಣನಿಗೆ ಫೋನ್ ಮಾಡಲು ಬಿಟ್ಟರು.

ಠಾಣೆಯಲ್ಲಿ ಮೇಘನ, ಸರ್ವಮಂಗಳಾ ಕಾದಿದ್ದರು. ಅರ್ಪಣಾ ಅವರೆದುರೇ ಕೇಳಿದಳು.

"ವೀಸಾ ಯಾಕೆ ಕೊಡಲಿಲ್ಲವಂತೆ?"

"ಮದುವೆ ಇಲ್ಲ, ಜಮೀನು ಅಣ್ಣನ ಹೆಸರಲ್ಲಿದೆ. ಹೋದವನು ತಿರುಗಿ ಬರ್ತಾನೆ ಅನ್ನೋ ನಂಬಿಕೆ ಇಲ್ಲವಂತೆ." ಶ್ರೀಕಾಂತನ ಕೈ ಅಂಗಿಯ ಗುಂಡಿಗೆ ಹೋಯಿತು. "ನಲವತ್ತಾರು ವರ್ಷದಿಂದ ಕಮ್ಮರಡೀಲೇ ಇದೀನಿ ಮೇಡಂ."

"ಅದಕ್ಕೆ ಇವರದ್ದು ಯಾಕೆ ಕದ್ರಿ?"

"ಮುಂದಿನ ವರ್ಷ ಮತ್ತೆ ಅರ್ಜಿ ಹಾಕೋಣ, ಅಷ್ಟರ ತನಕ ಇವರೂ ನಿಲ್ಲಲಿ ಅಂತ."

"ಹೇಳಿದ್ರೆ ನಿಲ್ತಿದ್ವಿ ಶ್ರೀಕಾಂತಣ್ಣ," ಎಂದಳು ಮೇಘನ.

"ಗೊತ್ತು. ನಿಲ್ತೀರಿ ಅಂತ ಗೊತ್ತಿದ್ದೇ ಹೇಳ್ಲಿಲ್ಲ. ನನ್ನ ದೆಸೆಯಿಂದ ನಿಂತಿದ್ದು ಅಂತ ಆಗ್ತಿತ್ತು. ಸರ್ವಮಂಗಳಕ್ಕನ ಮುಖ ಹ್ಯಾಗೆ ನೋಡ್ಲಿ? ಕಳವಾದ್ರೆ ಕಳ್ಳನ್ನ ಬಯ್ಕೊಂಡು ಎಲ್ಲರೂ ಒಟ್ಟಿಗೆ ಇರ್ತಿದ್ವಿ."

"ಸುಟ್ಟಿದ್ರೆ ನಮಗೆ ಸಾಕ್ಷಿಯೇ ಸಿಗ್ತಿರಲಿಲ್ಲ," ಎಂದ ಭೈರಪ್ಪ. ಹೇಳಬಾರದ ಮಾತು ಹೇಳಿದೆನೆಂದು ಆಮೇಲೆ ಅನ್ನಿಸಿತು.

"ಸುಡೋದು ಹ್ಯಾಗೆ ಸರ್. ಅಂಗಡಿ ಬಾಗಿಲು ಹಾಕಿ ಒಂದೊಂದೇ ತೆಗೆದು ನೋಡ್ತಿದ್ದೆ. ವೀಸಾ ಚೀಟಿ ಮೇಲೆ ಬೆರಳಾಡಿಸಿದ್ರೆ ಅಕ್ಷರ ಒಂಚೂರು ತರಿತರಿ ಇದೆ, ಬೆರಳಿಗೆ ಸಿಗತ್ತೆ."

ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು ಮುಚ್ಚಳಿಕೆ ಬರೆದುಕೊಟ್ಟರೆ ಪಾಸ್‌ಪೋರ್ಟ್‌ಗಳು ಕೈಸೇರುತ್ತವೆ, ತಮ್ಮ ಕಡೆಯಿಂದ ತಕರಾರಿಲ್ಲ ಎಂದು ಅರ್ಪಣಾ ಮೇಘನಳಿಗೆ ತಿಳಿಸಿದಳು. ಭೈರಪ್ಪ ಶ್ರೀಕಾಂತನನ್ನು ಜೀಪಿಗೆ ಕರೆದೊಯ್ಯಲು ಎದ್ದ.

ಸರ್ವಮಂಗಳಾ ಮಂಡಿ ಹಿಡಿದುಕೊಂಡು ಎದ್ದು ಬಾಗಿಲಿಗೆ ಅಡ್ಡ ನಿಂತರು. ಹೊಡೆದೇಬಿಡುತ್ತಾರೋ ಎಂದು ಭೈರಪ್ಪ ಕೈ ಅಡ್ಡ ಹಿಡಿದ.

"ಮೊದಲ್ನೇ ದಿನ ನಂಗೆ ಯಾವ ದಾರಿ ಇಟ್ಟಿದ್ದೆ?" ಎಂದು ಅವರು ಕೇಳಿದರು.

ಶ್ರೀಕಾಂತ ಅವರ ಮುಖ ನೋಡದೆ ಹೇಳಿದ. "ಪಶ್ಚಿಮದ ಗೋಡೆ ಅಕ್ಕ. ಬೆಳಿಗ್ಗೆ ನೆರಳಿರತ್ತೆ. ಎಡಗಡೆಯ ಎರಡನೇದು, ಮಂಡಿ ಜಾಸ್ತಿ ಮಡಚೋದು ಬೇಡ. ಅರ್ಧಕ್ಕೆ ಹೋದಾಗ ಎಡಗೈಗೆ ಒಂದು ಒಳ್ಳೆ ಹಿಡಿ ಸಿಗತ್ತೆ, ಅಲ್ಲಿ ನಿಂತು ಉಸಿರು ತಗೊ. ಅಲ್ಲಿಂದ ತಿರುಗಿ ನೋಡು, ಸಮುದ್ರ ಕಾಣತ್ತೆ."

"ಎಷ್ಟು ದೂರದ ತನಕ?"

"ಎದುರಿಗೆ ಇನ್ನೊಂದು ಚಿಕ್ಕ ದ್ವೀಪ ಇದೆ. ಅಲ್ಲಿ ತನಕ."

ಸರ್ವಮಂಗಳಾ ತಲೆಯಾಡಿಸಿ ಪಕ್ಕಕ್ಕೆ ಸರಿದರು. ಹನ್ನೆರಡೂಮುಕ್ಕಾಲಿಗೆ ಜೀಪು ನ್ಯಾಯಾಲಯದ ಕಡೆಗೆ ಹೊರಟಿತು.