ಹಸಿರು ಮೆರುಗಿನ ಒಲೆ

ಗಂಡಿನ ಮನೆ ನೋಡೋಕೆ ಹುಡುಗಿಯೇ ಹೊರಡೋದುಂಟೇ? ಬೆಳಗೋಡಿನ ಕಡೆ ಯಾರೂ ಕಂಡಿದ್ದಿಲ್ಲ. ಆದ್ರೆ ಶಾಂತಮಲ್ಲಪ್ಪನವರ ಮಗಳು ಮಾನಸಾ ಹಟಕ್ಕೆ ಬಿದ್ದರೆ ಮುಗೀತು. “ಆ ಮನೇಲಿ ಬಾಳೋಳು ನಾನೋ, ನೀವೋ?” ಅಂದವಳೇ ಜೀಪಿನ ಹಿಂದಿನ ಸೀಟಲ್ಲಿ ಕೂತುಬಿಟ್ಟಳು.

ನಿಜ ಹೇಳಬೇಕಂದ್ರೆ ಅವಳು ನೋಡಬೇಕಿದ್ದಿದ್ದು ಮನೆಯನ್ನಲ್ಲ. ಹೆಣ್ಣು ನೋಡೋಕೆ ಬಂದ ದಿನ ರೇವಂತ್ ಕಾಫಿ ಕುಡಿದು ಮುಗಿಸಿ, ಕಪ್ಪನ್ನ ಮಗುಚಿ, ಎಲ್ಲಿ ಮಾಡಿದ್ದು ಅಂತ ಅದರ ತಳ ನೋಡಿದ್ದ. ಎಂಥಾ ಗಂಡಪ್ಪಾ ಇವನು ಅಂತ ಅವಳಿಗೆ ನಗು ಬಂದಿತ್ತು. ಆಮೇಲೆ ನಗು ಹೋಗಿ, ಕಪ್ಪನ್ನ ಹಿಡಿದಿದ್ದ ಆ ಬೆರಳುಗಳು ಮಾತ್ರ ಮನಸ್ಸಲ್ಲಿ ಉಳಿದುಬಿಟ್ಟಿದ್ದವು.

ತೊಂಬತ್ತೆಂಟರ ಡಿಸೆಂಬರ್. ಹೆತ್ತೂರಿನ ಎಸ್ಟೇಟ್ ಮನೆಯ ಕಣದಲ್ಲಿ ಕಾಫಿ ಒಣಗುತ್ತಿತ್ತು. ನಡುಮನೆಗೆ ಕಾಲಿಟ್ಟವಳು ಅಲ್ಲೇ ನಿಂತಳು. ಗಾಜಿನ ಕಪಾಟಿನ ತುಂಬ ಮಣ್ಣಿನ ಸಾಮಾನು. ಹಸಿರು ನಾಯಿ, ಹಸಿರು ಕಣಜ, ರಾಟೆ ಇರೋ ಪುಟ್ಟ ಬಾವಿ. ಮೇಲಿನ ಅಂಕಣದಲ್ಲೊಂದು ಕುದುರೆ; ಅದರ ಬೆನ್ನಿಂದ ಜೇನುಬಣ್ಣ, ಹಸಿರು, ಕೆನೆಬಣ್ಣ ಒಂದರೊಳಗೊಂದು ಇಳಿದು ನಿಂತಿದ್ದವು. ಅಬ್ಬಾ, ಎಷ್ಟು ಚಂದ ಅಂತ ಅವಳು ಬಾಯಿಬಿಟ್ಟೇ ಅಂದಳು.

“ಚೀನಾದ್ದು,” ಅಂದ ರೇವಂತ್. “ಕಾಫಿ ಎಕ್ಸ್‌ಪೋರ್ಟ್ ಕೆಲಸದಲ್ಲಿ ಹಾಂಗ್‌ಕಾಂಗ್‌ನಲ್ಲಿದ್ನಲ್ಲ, ಆಗ ಒಂದೊಂದಾಗಿ ಕೂಡಿಸಿದ್ದು.”

ಅಂಗೈಯಗಲದ ಒಂದು ಒಲೆಯನ್ನ ತೆಗೆದು ಕಿಟಕಿ ಬಿಸಿಲಿಗೆ ಹಿಡಿದ. ಹಸಿರು ಮೆರುಗಿನ ಮೇಲೆ ಬೆಳ್ಳಿಯಂಥ ತೆಳು ಪೊರೆ ಮಿಂಚಿತು.

“ಈ ಬೆಳ್ಳಿಬಣ್ಣ ಯಾರೂ ಬಳಿದಿದ್ದಲ್ಲ. ಎರಡು ಸಾವಿರ ವರ್ಷ ಮಣ್ಣೊಳಗಿದ್ದು ತಾನಾಗೇ ಬಂದಿದ್ದು.”

“ಮುಟ್ಲಾ?”

“ಎರಡೂ ಕೈಲಿ ಹಿಡ್ಕೊಳಿ.”

ಬೆರಳಿಗೆ ಬೆರಳು ತಾಗಿತು. ಒಲೆ ಭದ್ರವಾಗಿ ಅವಳ ಕೈ ಸೇರಿದ ಮೇಲೂ ಅವನು ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

“ಮಣ್ಣೊಳಗೆ ಅಂದ್ರೆ ಎಲ್ಲಪ್ಪಾ?” ಮಾನಸಾಳ ಅವ್ವ ಪಾರ್ವತಮ್ಮ ಕೂತಲ್ಲಿಂದಲೇ ಕೇಳಿದರು.

ಸುಳ್ಳು ಹೇಳೋಕೆ ಬಾರದ ಪುಣ್ಯಾತ್ಮ. “ಗೋರಿಯೊಳಗೆ ಅಮ್ಮ,” ಅಂದುಬಿಟ್ಟ.

ಪಾರ್ವತಮ್ಮ ಕೇಸರಿಬಾತಿನ ತಟ್ಟೆ ಕೆಳಗಿಟ್ಟು ಎದ್ದರು. “ನಡೀರಿ, ಹೋಗಣ. ಸ್ಮಶಾನದ ಸಾಮಾನು ನಡುಮನೇಲಿ ಇಟ್ಕೊಂಡೋರಿಗೆ ನಾನು ಮಗಳನ್ನ ಕೊಡಲ್ಲ.”

“ನಾವು ಶರಣರ ಮನೆಯೋರು, ನಮಗೆಂಥ ಸೂತಕ ಮಾರಾಯ್ತಿ?” ಅಂದರು ಶಾಂತಮಲ್ಲಪ್ಪ.

“ಸೂತಕ ಇಲ್ಲ ಅಂತ ಗೋರಿ ಬಗೆದು ತರ್ತಾರಾ?”

ರೇವಂತ್‌ನ ತಾಯಿ ಸುಲೋಚನಮ್ಮ ಮಗನ ಮುಖ ನೋಡಿದರು. “ಹೋಗ್ಬೇಡಿ ಅಮ್ಮ. ಇವನ್ನೆಲ್ಲ ಯಾರಿಗಾದ್ರೂ ಕೊಟ್ಬಿಡ್ತೀನಿ,” ಅಂದ ರೇವಂತ್. ಹಾಗನ್ನುವಾಗ ಅವನ ಕಣ್ಣು ಒಲೆಯ ಮೇಲೇ ಇತ್ತು. ಮಾನಸಾ ಅದನ್ನ ಕಂಡಳು.

“ಕೊಟ್ರೆ ನಾನು ಈ ಮನೆಗೆ ಬರಲ್ಲ,” ಅಂದಳು. “ಇವತ್ತು ನಮ್ಮವ್ವ ಮುಖ ಸಿಂಡರಿಸಿದ್ರು ಅಂತ ಇದನ್ನ ಬಿಡೋರು, ನಾಳೆ ಇನ್ಯಾರೋ ಸಿಂಡರಿಸಿದ್ರೆ ನನ್ನೂ ಬಿಡ್ತೀರಿ. ಅದಿರ್ಲಿ, ಗೋರಿಯೊಳಗೆ ಒಲೆ ಯಾಕಿಟ್ರು? ಅದು ಹೇಳಿ.”

“ಸತ್ತೋರಿಗೆ ಅಲ್ಲೂ ಅಡುಗೆ ಆಗ್ಲಿ ಅಂತ. ಕಣಜ ತುಂಬಿರ್ಲಿ, ಬಾವೀಲಿ ನೀರಿರ್ಲಿ, ನಾಯಿ ಕಾವಲಿರ್ಲಿ ಅಂತ.”

ಮಾನಸಾ ಕೈಲಿದ್ದ ಒಲೆಯನ್ನ ತಿರುಗಿಸಿ ನೋಡಿದಳು. ಆಮೇಲೆ ಅವಳ ಮುಖ ಅರಳಿತು.

“ಅಯ್ಯೋ, ಇದು ಎಡೆ ಕಣ್ರೀ. ಗೋರಿ ಸಾಮಾನು ಅಂತ ಯಾಕಂತೀರಿ?” ಅವ್ವನ ಕಡೆ ತಿರುಗಿದಳು. “ಮಾರ್ನಮೀಲಿ ನೀನು ತಾತಂಗೆ ಎಡೆ ಇಡಲ್ವಾ? ಕಡುಬು, ಹೊಸ ಪಂಚೆ, ನಶ್ಯದ ಡಬ್ಬಿ?”

“ಅದು ನಮ್ಮ ಹಿರೀಕರಿಗೆ.”

“ಇದು ಅವರ ಹಿರೀಕರಿಗೆ. ಎಡೆ ಎತ್ತಿದ ಮೇಲೆ ಅದನ್ನ ಉಣ್ಣೋರು ಯಾರವ್ವ?”

“ಇನ್ಯಾರು, ಬದುಕಿರೋರು. ಹಿರೀಕರ ಪ್ರಸಾದ, ಬಿಸಾಕೋಕಾಗುತ್ತಾ?”

ಹೇಳಿಬಿಟ್ಟ ಮೇಲೆ ತಾನೇನು ಹೇಳಿದೆ ಅಂತ ಪಾರ್ವತಮ್ಮನಿಗೆ ಗೊತ್ತಾಯಿತು. ಕಪಾಟನ್ನ ಒಂದು ಸಲ ನೋಡಿದರು. ಹತ್ತಿರ ಬಂದು, ಕನ್ನಡಕ ಹಾಕಿಕೊಂಡು, ಮಗಳ ಕೈಲಿದ್ದ ಒಲೆಯ ಮೇಲೆ ಬಗ್ಗಿದರು.

“ಯಾವ ತಾಯಿ ಯಾರಿಗೆ ಇಟ್ಟಿದ್ಲೋ,” ಅಂದರು ಮೆಲ್ಲಗೆ. “ಇದೇನಿದು, ಒಲೆ ಮೇಲೆ ಮೂಡಿರೋದು?”

“ಮೀನು,” ಅಂದ ಪುಣ್ಯಾತ್ಮ.

ಶಾಂತಮಲ್ಲಪ್ಪ ಹಣೆ ಚಚ್ಚಿಕೊಂಡರು. ಪಾರ್ವತಮ್ಮ ಕನ್ನಡಕ ತೆಗೆದು, “ಗೋರಿಯದಾದ್ರೂ ಸೈ. ಆದ್ರೆ ಇದು ಅಡುಗೆಮನೆ ಕಡೆ ಸುಳೀಬಾರ್ದು,” ಅಂದು ಹೋಗಿ ಕೂತು, ಕೇಸರಿಬಾತಿನ ತಟ್ಟೆ ಎತ್ತಿಕೊಂಡರು.

ಹಿರಿಯರು ಮದುವೆ ಮಾತಿಗೆ ಕೂತಾಗ ಇವರಿಬ್ಬರೂ ಕಣದ ಅಂಚಿಗೆ ಬಂದರು.

“ಸುಳ್ಳು ಹೇಳೋಕೆ ಬರೋದೇ ಇಲ್ವಾ ನಿಮಗೆ?”

“ಇಲ್ಲ.”

“ಹಂಗಾದ್ರೆ ಹೇಳಿ. ನಾನು ಇಷ್ಟವಾ?”

“ತುಂಬಾ. ಭಯ ಆಗೋಷ್ಟು.”

“ಅದಕ್ಕೇ ಅಷ್ಟು ಪ್ರೀತಿಯಿಂದ ಕೂಡಿಸಿದ್ದನ್ನೆಲ್ಲ ಕೊಟ್ಬಿಡ್ತೀನಿ ಅಂದ್ರಾ?”

“ಅವು ಎರಡು ಸಾವಿರ ವರ್ಷ ಕಾದಿವೆ ಮಾರಾಯ್ತಿ, ಕಾಯೋದು ಅವಕ್ಕೆ ಅಭ್ಯಾಸ. ನಂಗೆ ಕಾಫಿ ಕೊಯ್ಲು ಮುಗಿಯೋ ತನಕ ಕಾಯೋಕಾಗಲ್ಲ.”

ಮಾನಸಾ ಅವನನ್ನು ಕಣ್ತುಂಬ ನೋಡಿದಳು. ಕೆನ್ನೆ ಬಿಸಿಯಾಗಿತ್ತು, ಆದ್ರೂ ತಲೆ ತಗ್ಗಿಸಲಿಲ್ಲ. ನೆಟ್ಟಗೆ ಒಳಗೆ ಹೋದಳು. ಅಲ್ಲಿ ಅವಳಪ್ಪ, “ಕೊಯ್ಲೆಲ್ಲ ಮುಗೀಲಿ, ಮಾರ್ಚಿಗೆ ಮುಹೂರ್ತ ಇಟ್ಕೊಳ್ಳಣ,” ಅನ್ನುತ್ತಿದ್ದರು.

“ಕೊಯ್ಲು ಅದರ ಪಾಡಿಗೆ ಆಗ್ಲಿ ಅಪ್ಪಾ,” ಅಂದಳು ಮಾನಸಾ. “ಮುಂದಿನ ತಿಂಗಳು ಯಾವ ದಿನ ಚೆನ್ನಾಗೈತೆ, ನೋಡಿ.”