ಒನಕೆಗೂ ಒಡೆಯದ ಕುಂಡ

ಬಹಳ ಬಹಳ ಹಿಂದೆ, ಏಳು ಕೆರೆಗಳಾಚೆ ಕುಂಭಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯಲ್ಲಿ ಮಗು ಹುಟ್ಟಿದ ದಿನವೇ ಅದರ ಹೆಸರಲ್ಲೊಂದು ಗಿಡ ಕುಂಡಕ್ಕಿಳಿಯುತ್ತಿತ್ತು. ಗಿಡ ಚಿಗುರಿದರೆ ಮಗು ನಗುತ್ತಿತ್ತು, ಗಿಡ ಬಾಡಿದರೆ ಮಗುವೂ ಬಾಡುತ್ತಿತ್ತು. ಬೇರಿಗೆ ಜಾಗ ಸಾಲದಾದಾಗ ಕುಂಡ ಬದಲಿಸಬೇಕಲ್ಲ, ತನ್ನ ಗಿಡವನ್ನು ತಾನೇ ಮುಟ್ಟುವಂತಿರಲಿಲ್ಲ. ಒಡಹುಟ್ಟಿದವರೇ ಬದಲಿಸಬೇಕು. ಅದು ಅಲ್ಲಿಯ ಕಟ್ಟಳೆ.

ರಾಜನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಹೇಮಾಂಗಿ, ಅವಳದು ನಂದಿಬಟ್ಟಲು. ಕಿರಿಯವಳು ಸುರಗಿ, ಅವಳದು ಸಂಪಿಗೆ. ಆದ ಅನಾಹುತ ಇದೇ ನೋಡಿ! ನಂದಿಬಟ್ಟಲು ಮೈತುಂಬ ಹೂ ಬಿಟ್ಟರೂ, ಒಂದೇ ಒಂದು ಸಂಪಿಗೆ ಅರಳಿದರೆ ಸಾಕು, ಬಂದವರೆಲ್ಲ ಮೂಗರಳಿಸಿಕೊಂಡು ಆ ಕಡೆಗೇ ನಡೆಯುತ್ತಿದ್ದರು. ಹೇಮಾಂಗಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಸುರಗಿ ನಕ್ಕರೆ ಉರಿ. ಮೊದಲ ಹೂವನ್ನು ತಂದು ಅಕ್ಕನಿಗೇ ಮುಡಿಸಿದರೆ ಇನ್ನೂ ಉರಿ.

ಒಂದು ದಿನ ಸುರಗಿ ಬಂದಳು. "ಅಕ್ಕಾ, ನನ್ನ ಗಿಡದ ಬೇರು ತಳದ ತೂತಿನಿಂದ ಇಣುಕುತ್ತಿದೆ. ದೊಡ್ಡ ಕುಂಡಕ್ಕೆ ಹಾಕಿಕೊಡಕ್ಕ."

"ಆಗಲಿ ಕಣೇ" ಎಂದ ಹೇಮಾಂಗಿ ನೆಟ್ಟಗೆ ಹೋದದ್ದು ಮಾಂತ್ರಿಕ ಕರಿಗಡಿಗನ ಗುಹೆಗೆ. ಅವನದು ಮಣ್ಣಿನ ಮೈ. ಬೆಳೆಯುವ ಜೀವಗಳ ಕಸುವು ಹೀರಿ ಬದುಕುವವನು. ಗಿಡ ಬೆಳೆಯಗೊಡದ ಕುಂಡವೊಂದನ್ನು ಅವನಲ್ಲಿ ಕೇಳಿದಳು.

"ತಗೋ ತಾಯಿ. ನನ್ನ ಮೈಯ ಮಣ್ಣಿನಿಂದಲೇ ಮಾಡಿದ ಈ ಕುಂಡ ಹೊರಗೆ ದೊಡ್ಡದು, ಒಳಗೆ ಬೊಗಸೆಯಷ್ಟು. ಒನಕೆಗೂ ಒಡೆಯದು. ಗಿಡ ಹಾಕಿದವಳೇ ಮನಸಾರೆ 'ನನಗಿಂತ ಎತ್ತರ ಬೆಳೆ' ಎಂದರೆ ಮಾತ್ರ ಒಡೆದೀತು."

"ನಾನೇ? ಹಾಗನ್ನುವುದೇ?" ಎಂದು ಹೇಮಾಂಗಿ ನಕ್ಕಳು.

ಸಂಪಿಗೆ ಆ ಕುಂಡ ಸೇರಿತು. ಎಲೆ ಹಳದಿಯಾಯಿತು, ಮೊಗ್ಗು ಉದುರಿತು, ಸುರಗಿ ಹಾಸಿಗೆ ಹಿಡಿದಳು. ಜನ ನಂದಿಬಟ್ಟಲಿನ ಕಡೆ ತಿರುಗಿದರು. ಹೇಮಾಂಗಿಗೆ ಹಾಲು ಕುಡಿದಷ್ಟು ಸಂತೋಷ.

ಆದರೆ ನಂದಿಬಟ್ಟಲೂ ಬೆಳೆಯಿತಲ್ಲ! ಅದರ ಬೇರು ಕುಂಡದೊಳಗೆ ಸುತ್ತಿ ಸುತ್ತಿ ಗಂಟಾಯಿತು. ಹೊಯ್ದ ನೀರು ನಿಲ್ಲದೆ ಹರಿದುಹೋಯಿತು. ಹೇಮಾಂಗಿಗೆ ಉಸಿರು ಕಟ್ಟತೊಡಗಿತು. ಕುಂಡ ಬದಲಿಸಬೇಕಾದ ತಂಗಿಯೋ ಏಳಲಾರಳು.

ಹೆದರಿದ ಹೇಮಾಂಗಿ ಸಂಪಿಗೆಯ ಬಳಿಗೆ ಓಡಿ, "ನನಗಿಂತ ಎತ್ತರ ಬೆಳೆ" ಎಂದು ಗೊಣಗಿದಳು. ಕುಂಡ ಮಿಸುಕಲಿಲ್ಲ. "ಬೆಳೆಯೇ ಮಾರಾಯ್ತಿ, ನನ್ನ ಪ್ರಾಣ ಹೋಗುತ್ತಿದೆ!" ಎಂದು ಕೂಗಿದಳು. ಆಗಲೂ ಮಿಸುಕಲಿಲ್ಲ.

ಅಷ್ಟರಲ್ಲಿ ಸುರಗಿ ಗೋಡೆ ಹಿಡಿದುಕೊಂಡು ಬಂದಳು. ನಂದಿಬಟ್ಟಲಿನ ಬೇರಿನ ಗಂಟು ಬಿಡಿಸಿದಳು, ದೊಡ್ಡ ಕುಂಡದಲ್ಲಿಟ್ಟಳು, ಹೊಸ ಮಣ್ಣು ತುಂಬಿದಳು. "ನಿನ್ನದಾದರೂ ಬೆಳೆಯಲಕ್ಕ" ಎಂದು ಅಲ್ಲೇ ಕುಸಿದಳು.

ಹೇಮಾಂಗಿಗೆ ಉಸಿರು ಸರಾಗವಾಯಿತು. ಈಗ ಅವಳಿಗೆ ತಂಗಿಯಿಂದ ಆಗಬೇಕಾದ್ದು ಏನೂ ಇರಲಿಲ್ಲ. ಸಾಯುವಾಗಲೂ ಇವಳೇ ಒಳ್ಳೆಯವಳಾದಳಲ್ಲ ಎಂದು ಹೊಟ್ಟೆ ಮತ್ತೊಮ್ಮೆ ಉರಿಯಿತು. ಉರಿಯುತ್ತಲೇ ಅಳು ಒತ್ತರಿಸಿ ಬಂತು.

"ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಕಣೇ, ಈಗಲೂ ಇದೆ! ಇದ್ದರೆ ಇರಲಿ. ನೀನು ಬದುಕು. ಬೆಳೆ, ನನಗಿಂತ ಎತ್ತರ ಬೆಳೆ!"

ಕುಂಡ ಫಳಾರನೆ ಒಡೆಯಿತು. ಅತ್ತ ಗುಹೆಯಲ್ಲಿ ಕರಿಗಡಿಗನೂ ಬಿರಿದು ಬೋಕಿ ಚೂರುಗಳಾಗಿ ಬಿದ್ದ. ಸುರಗಿ ಕಣ್ಣು ಬಿಟ್ಟಳು.

ಹೇಮಾಂಗಿ ಸಂಪಿಗೆಯನ್ನು ಮತ್ತೆ ಕುಂಡಕ್ಕೆ ಹಾಕಲಿಲ್ಲ, ಅಂಗಳದ ನೆಲದಲ್ಲೇ ನೆಟ್ಟಳು. ಅದು ಅರಮನೆಯ ಮಾಡನ್ನೂ ಮೀರಿ ಬೆಳೆಯಿತು, ರಾಜ್ಯವೆಲ್ಲ ನಗುನಗುತ್ತ ಬಾಳಿತು. ಸಂಪಿಗೆ ಅರಳಿದ ದಿನ ಹೇಮಾಂಗಿಗೆ ಹೊಟ್ಟೆ ಸ್ವಲ್ಪ ಉರಿಯುತ್ತಿತ್ತಂತೆ. ಆಗೆಲ್ಲ ಅವಳು ಎದ್ದು ಹೋಗಿ ಅದರ ಬುಡಕ್ಕೆ ಎರಡು ಕೊಡ ನೀರು ಹೊಯ್ದು ಬರುತ್ತಿದ್ದಳು.