ಸಮಿತಿಯಿಂದ ಎದ್ದು ಹೋದವನು

"ಏನ್ರೀ, ಸಾಯ್ಬೇಕು ಅಂತ ಮಾಡಿದೀರಾ?!"

ಬಾಗಿಲು ಗೋಡೆಗೆ ಬಡಿಯಿತು. ಒಳಗೆ ನುಗ್ಗಿದವನು ಅವಳ ಕೈಯಲ್ಲಿದ್ದ ಸ್ಪ್ರೇ ಡಬ್ಬಿಯನ್ನು ಕಿತ್ತುಕೊಂಡ. ಕಿಟಕಿಯನ್ನು ಭುಜದಿಂದಲೇ ತಳ್ಳಿ ತೆರೆದ. ಬಾಯ್ನ್ ನದಿಯ ತಣ್ಣನೆಯ ಗಾಳಿ ಮುಖಕ್ಕೆ ಹೊಡೆದಾಗಲೇ ನಿಸರ್ಗಾಳಿಗೆ ಗೊತ್ತಾಗಿದ್ದು... ತಾನು ಉಸಿರಿಗೆ ಒದ್ದಾಡುತ್ತಿದ್ದೆ ಎಂದು.

"ಚಿತ್ರದ ಇದ್ದಿಲು ಉದುರದ ಹಾಗೆ ಹೊಡೀತಿದ್ದೆ..." ಕೆಮ್ಮುತ್ತ ಅಂದಳು.

"ಹೊಡೀರಿ. ಕಿಟಕಿ ತೆಗೆದು ಹೊಡೀರಿ. ಚಿತ್ರ ಉಳಿದು ನೀವು ಹೋದ್ರೆ ಏನ್ ಬಂತು?"

"ನಾನು ಕನ್ನಡದೋಳು ಅಂತ ಹೇಗ್ ಗೊತ್ತು?"

"ನೀವು ಆ ಡಬ್ಬೀನ ಬೈತಿದ್ದಿದ್ದು ಮೂರನೇ ಮಹಡಿಗೆ ಕೇಳಿಸ್ತಿತ್ತು. ಅಂಥಾ ಬೈಗುಳ ಕೇಳಿ ಎರಡು ವರ್ಷ ಆಗಿತ್ತು ಕಣ್ರೀ!"

ಅವನು ಪ್ರಹ್ಲಾದ. ಹಗಲು ಈ ಪರದೇಶದ ಊರು ಡ್ರೋಹೆಡಾದ ಅಂಗಡಿಯೊಂದರಲ್ಲಿ ಚಿತ್ರಗಳಿಗೆ ಫ್ರೇಮ್ ಹಾಕುವ ಕೆಲಸ. ಉಳಿದ ಹೊತ್ತು ನದಿ ದಂಡೆಯ ಈ ಕಲಾಕೇಂದ್ರದ ಮೂರನೇ ಮಹಡಿಯ ಸ್ಟುಡಿಯೋದಲ್ಲಿ ಬಣ್ಣದ ಜೊತೆ ಗುದ್ದಾಟ.

ನಿಸರ್ಗಾ ದೂರದ ಸ್ಯಾಂಡಿಫರ್ಡ್‌ನ ಆಫೀಸಿಗೆ ಹೋಗುವವಳು. ಮುಂಜಾನೆಯ ರೈಲಿನಲ್ಲಿ ಬಾಯಿ ತೆರೆದು ನಿದ್ದೆ ಹೋದವರನ್ನು ಇದ್ದಿಲಿನಲ್ಲಿ ಬರೆಯುತ್ತಿದ್ದಳು. ಬಾಡಿಗೆ ರೂಮಿನಲ್ಲಿ ಇದ್ದಿಲು ಮುಟ್ಟುವ ಹಾಗಿರಲಿಲ್ಲ. ಗೋಡೆ ಕಪ್ಪಾದರೆ ಅವತ್ತೇ ಖಾಲಿ ಮಾಡು ಎಂದು ಮಾಲೀಕ ಮೊದಲ ದಿನವೇ ಎಚ್ಚರಿಸಿದ್ದ. ಆರು ತಿಂಗಳ ಮಟ್ಟಿಗೆ ಕಲಾಕೇಂದ್ರ ಕೊಟ್ಟಿದ್ದ ನೆಲಮಹಡಿಯ ಈ ಕೋಣೆ ಹೋದರೆ ಚಿತ್ರವೂ ಹೋದಂತೆ.

ಚಿತ್ರ ಚೆನ್ನಾಗಿದೆ ಎಂದು ಚಪ್ಪಾಳೆ ತಟ್ಟಲು ಊರೇ ಬರುತ್ತದೆ. ಒಂದು ಮೇಜು, ಒಂದು ಕಿಟಕಿ ಕೊಡಿ ಅಂದು ನೋಡಿ... ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತದೆ!

ಕೇಂದ್ರ ನಡೆಸುವ ಶಿನೇಡ್ ಅಂಥವಳಲ್ಲ. ನಿಸರ್ಗಾಳ ಚಿತ್ರಗಳನ್ನು ಲೈಬ್ರರಿ ಗೋಡೆಗೆ ಹಾಕಿಸಿದಳು. ಗ್ಯಾಲರಿಯವರನ್ನು ಕರೆತಂದು ತೋರಿಸಿದಳು. ಪ್ರಹ್ಲಾದ ಫ್ರೇಮ್ ಕಟ್ಟಲು ಕಲಿಸಿದ. ಕಲಿಸುತ್ತ ಕಲಿಸುತ್ತ ಇಬ್ಬರ ನಡುವಿನ 'ರೀ' ಯಾವಾಗ ಬಿದ್ದುಹೋಯಿತೋ, ಅವಳಿಗೇ ತಿಳಿಯಲಿಲ್ಲ.

ಆದರೂ ಎದೆಯಲ್ಲೊಂದು ಅಳುಕು. 'ಇಷ್ಟು ಒಳ್ಳೇದು ನಂಗೆ ಉಳಿಯಲ್ಲ...'

ಆರು ತಿಂಗಳು ಮುಗಿಯುತ್ತ ಬಂತು. ಕೇಂದ್ರದ ಒಂದು ವರ್ಷದ ಸ್ಟುಡಿಯೋಗೆ ಅರ್ಜಿ ಹಾಕಿದಳು. ಇದ್ದದ್ದು ಒಂದೇ ಜಾಗ.

ಅಲ್ಲಿಂದ ಪ್ರಹ್ಲಾದ ಬದಲಾದ. ಮೆಸೇಜಿಗೆ ಉತ್ತರವಿಲ್ಲ. ಮೆಟ್ಟಿಲಲ್ಲಿ ಅವಳನ್ನು ಕಂಡರೆ ತಿರುಗಿ ಮೇಲೆ ಹತ್ತುತ್ತಿದ್ದ.

"ಏನ್ ತಪ್ಪು ಮಾಡ್ದೆ ನಾನು?" ಒಮ್ಮೆ ಕೂಗಿಯೇ ಬಿಟ್ಟಳು.

"ಈಗ ಮಾತಾಡೋ ಹಾಗಿಲ್ಲ."

"ಯಾಕೋ?"

"ಅದನ್ನೂ ಹೇಳೋ ಹಾಗಿಲ್ಲ." ಅವನ ಕಣ್ಣು ಅವಳ ಮೇಲಿರಲಿಲ್ಲ.

ಹತ್ತು ದಿನ ಹೀಗೇ ಕಳೆಯಿತು.

ಆಯ್ಕೆಯ ದಿನ ಬಿರುಗಾಳಿಯ ಆರೆಂಜ್ ವಾರ್ನಿಂಗ್ ಇತ್ತು. ನವೆಂಬರಿನ ಮಧ್ಯಾಹ್ನ ಮೂರಕ್ಕೇ ಬೆಳಕು ಸತ್ತಿತ್ತು. ನದಿ ಕಂದು ಬಣ್ಣಕ್ಕೆ ತಿರುಗಿ ದಂಡೆಯ ಕಲ್ಲನ್ನು ನೆಕ್ಕುತ್ತಿತ್ತು. ಚಿತ್ರ ಕಟ್ಟಲು ಟೇಪ್ ಬೇಕೆಂದು ನಿಸರ್ಗಾ ಮೊದಲ ಮಹಡಿಗೆ ಹೋದಳು. ಮೀಟಿಂಗ್ ರೂಮಿನ ಗಾಜಿನ ಬಾಗಿಲ ಮುಂದೆ ಕಾಲು ನಿಂತಿತು.

ಆಯ್ಕೆ ಸಮಿತಿಯ ಐದು ಜನ. ಅವರಲ್ಲಿ ಪ್ರಹ್ಲಾದ!

ಪರದೆಯ ಮೇಲೆ ಅವಳದೇ ಚಿತ್ರ ಮೂಡಿತು. ಮರುಕ್ಷಣವೇ ಪ್ರಹ್ಲಾದ ಎದ್ದ. ಶಿನೇಡ್‌ಗೆ ಏನೋ ಹೇಳಿ, ಕೋಟು ಎತ್ತಿಕೊಂಡು ಆ ಕಡೆಯ ಬಾಗಿಲಿನಿಂದ ಹೊರಟೇ ಹೋದ.

'ನನ್ನ ಚಿತ್ರ ನೋಡೋಕೂ ಆಗ್ಲಿಲ್ವಾ ನಿಂಗೆ...?'

ಒಂದು ಗಂಟೆ ಕಳೆದು ಶಿನೇಡ್ ಕೆಳಗೆ ಬಂದಳು. ಮುಖ ನೋಡಿದಾಗಲೇ ನಿಸರ್ಗಾಳಿಗೆ ಉತ್ತರ ಸಿಕ್ಕಿತ್ತು.

"ಇಬ್ಬರು ಬೇಕು ಅಂದರು, ಇಬ್ಬರು ಬೇಡ ಅಂದರು. ಸಮ ಆದರೆ ಹೆಚ್ಚು ದಿನ ಕಾದವರಿಗೆ ಜಾಗ. ಅದು ನಿಯಮ. ಸಾರಿ ನಿಸರ್ಗಾ..."

"ಪ್ರಹ್ಲಾದ ಬೇಡ ಅಂದನಾ?"

"ಅವನು ಓಟೇ ಹಾಕಲಿಲ್ಲ. ನಾನು ಇದನ್ನ ಹೇಳಬಾರದು..." ಶಿನೇಡ್ ದನಿ ತಗ್ಗಿಸಿದಳು. "ಪ್ರತಿ ಅರ್ಜಿಗೂ ಓಟು ಹಾಕೋ ಮುಂಚೆ ಸಮಿತಿಯವರು ಒಂದು ಕಾಗದಕ್ಕೆ ಸಹಿ ಮಾಡಬೇಕು. ಈ ಕಲಾವಿದರು ನನಗೆ ಏನೂ ಆಗಬೇಕಾಗಿಲ್ಲ ಅಂತ. ನಿನ್ನದಕ್ಕೆ ಸಹಿ ಮಾಡಲ್ಲ ಅಂದ. ಅವಳು ನಿನಗೇನು ಅಂತ ಕೇಳಿದೆ. 'ಮೊದಲು ಗೊತ್ತಾಗಬೇಕಾದವಳು ಅವಳು, ನೀವಲ್ಲ' ಅಂತ ಎದ್ದು ಹೋದ."

ನಿಸರ್ಗಾಳ ಕಿವಿಯಲ್ಲಿ ಗಾಳಿಯ ಸದ್ದು ಕೂಡ ನಿಂತುಹೋಯಿತು.

ಓಡಿದಳು. ಹೊರಗೆ, ನದಿ ನೀರು ಒಳನುಗ್ಗದಂತೆ ಮುಂಬಾಗಿಲಿಗೆ ಅಡ್ಡವಾಗಿ ಪ್ರಹ್ಲಾದ ಮರಳಿನ ಚೀಲ ಪೇರಿಸುತ್ತಿದ್ದ.

"ನೀನಿದ್ದಿದ್ರೆ ಮೂರು ಓಟು! ನನ್ನ ಜಾಗ ಹೋಗಿದ್ದು ನಿನ್ನಿಂದ!"

"ಹೂಂ. ನನ್ನಿಂದಾನೇ."

"ಒಂದು ಸಹಿ ಕಣೋ! ಹಾಕಿದ್ರೆ ಏನಾಗ್ತಿತ್ತು?"

"ಹಾಕ್ಬೇಕು ಅಂತಾನೇ ಹತ್ತು ದಿನ ನಿನ್ನ ಮುಖ ನೋಡ್ದೆ ಇದ್ದೆ." ಅವನ ಕೈಯಿಂದ ಚೀಲ ಜಾರಿತು. "ನಿಸರ್ಗಾ ನನಗೆ ಯಾರೂ ಅಲ್ಲ ಅಂತ ಅಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ನನ್ನ ಹೆಸರು ಬರೀಬೇಕಿತ್ತು. ಕೈ ಬರ್ಲಿಲ್ಲ."

ಅವನಿಗೆ ಹೊಡೆಯಬೇಕೋ, ಅವನನ್ನು ಅಪ್ಪಿಕೊಂಡು ಅಳಬೇಕೋ... ತಿಳಿಯದೆ ನಿಂತಳು. ಅಷ್ಟರಲ್ಲಿ ನದಿ ದಂಡೆಯನ್ನು ದಾಟಿತು. ಸದ್ದೇ ಇಲ್ಲದೆ ರಸ್ತೆಯ ಮೇಲೆ ಕಪ್ಪಗೆ ಹರಡತೊಡಗಿತು.

"ನಿನ್ನ ಚಿತ್ರಗಳು!" ಅವನು ಚೀಲಗಳನ್ನು ಹಾರಿ ಒಳಗೆ ಓಡಿದ.

"ಹೋಗ್ಲಿ ಬಿಡು! ಎಲ್ಲಿ ಇಡ್ಲಿ ಅವನ್ನ? ನಂಗೆ ಜಾಗ ಎಲ್ಲಿದೆ?"

"ಮೇಲೆ. ನನ್ನ ಸ್ಟುಡಿಯೋದಲ್ಲಿ. ಇಬ್ಬರು ಹಂಚ್ಕೋಬಹುದು, ನಿಯಮ ಕೇಳಿದೀನಿ."

"ಅಯ್ಯೋ ಪಾಪ ಅಂತ ಕೊಡ್ತಿದೀಯಾ?"

"ಪಾಪ ಅನ್ನಿಸಿದ್ದಿದ್ರೆ ಸಹಿ ಹಾಕಿ ಓಟು ಕೊಡ್ತಿದ್ದೆ ಕಣೇ!" ಅವನು ಗದರಿದ. "ಹಿಡ್ಕೋ ಆ ಕಡೆ!"

ಅವಳು ಹಿಡಿದಳು. ನಿದ್ದೆ ಹೋದ ಇಪ್ಪತ್ತು ಮುಖಗಳನ್ನು ಇಬ್ಬರೂ ಹೊತ್ತು ಮೂರು ಮಹಡಿ ಹತ್ತಿದರು. ಕೊನೆಯ ಚಿತ್ರ ಇಳಿಸುವಾಗ ಕರೆಂಟು ಹೋಯಿತು. ಕೆಳಗೆಲ್ಲೋ ಒಂದು ಬಾಗಿಲು ನೀರಿನ ಒತ್ತಡಕ್ಕೆ ನರಳಿತು.

ಕತ್ತಲಲ್ಲಿ ಅವಳ ಕೈಗೆ ಅವನ ಕೈ ಸಿಕ್ಕಿತು. ಅವಳು ಬಿಡಲಿಲ್ಲ.

"ನಂಗೂ ನೀನು ಯಾರೋ ಅಲ್ಲ ಕಣೋ..." ಅಂದಳು. "ಆದ್ರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತೀನಿ. ನನ್ನ ಜಾಗ ನಂಗೆ ಬೇಕು."

"ಹಾಕು. ಆ ಸಮಿತೀಲಿ ನಾನಿರಲ್ಲ."

"ಮತ್ತೆಲ್ಲಿರ್ತೀಯ?"

"ಬಾಗಿಲ ಹೊರಗೆ. ನಿನ್ ಜೊತೆ ಕಾಯ್ತಾ."